ನಾವು ಕೂಡಿ ನೋಡಬೇಕಾದ ಕೆಲವು ಪರದೇಶದ ಚಿತ್ರಗಳು

(ಗುಂಡ್ಲುಪೇಟೆ ತಾಲ್ಲೂಕು ಭೀಮನಬೀಡಿನಲ್ಲಿ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ವರದಕ್ಷಿಣೆ ಮತ್ತು ಮನೆಯೊಳಗಿನ ದೌರ್ಜನ್ಯದ ಬಗ್ಗೆ ಮಾತನಾಡಿ ಎಂದು ನನ್ನನ್ನು ಕರೆದಿದ್ದೀರಿ. ನಾನು ಸಿನಿಮಾ ಬಗ್ಗೆ, ಅದೂ ಹೊರದೇಶದ ಸಿನಿಮಾ ಬಗ್ಗೆ ಮಾತನಾಡುತ್ತೇನೆ ಎಂದ ಕೂಡಲೇ ಹಿಂದೆ ಕೂತ ಅಜ್ಜಿಯೊಬ್ಬರು, "ಅದ್ಯಾಕ್ ಮೇಡಮ್ಮೋರೆ, ಅವರ ಮಾತೇ ನಮಗೆ ತಿಳಿಯದಿಲ್ಲ" ಎಂದರು. ಆ ಮಾತಿನಿಂದಲೇ ಶುರು ಮಾಡುತ್ತೇನೆ.

ಈ ಸೀಮೆಯವರಿಗೆ ಪರಭಾಷೆ ಹೊಸದಲ್ಲ. ಗುಂಡ್ಲುಪೇಟೆಯಿಂದ ಒಂದು ರಸ್ತೆ ಊಟಿಗೆ ಹೋದರೆ ಇನ್ನೊಂದು ಸುಲ್ತಾನ್ ಬತ್ತೇರಿಗೆ ಹೋಗುತ್ತದೆ. ತರಕಾರಿ ಕೊಳ್ಳಲು ಬರುವ ಮಲಯಾಳಿ ವ್ಯಾಪಾರಿಯ ಹತ್ತಿರ ಒಂದು ರೂಪಾಯಿ ಬಿಡದೆ ಚೌಕಾಸಿ ಮಾಡುವವರು ನೀವು. ತಮಿಳು ಚಿತ್ರಗಳನ್ನು ನೋಡಿ ಸೆರಗಿನಲ್ಲಿ ಕಣ್ಣೊರೆಸಿಕೊಂಡವರೂ ನೀವೇ. ಅಲ್ಲಿ ತಡೆಯದ ಭಾಷೆ ಇಟಲಿಯ ಚಿತ್ರಕ್ಕೆ ಯಾಕೆ ತಡೆಯಬೇಕು? ಪರದೆಯ ಮೇಲೆ ಒಬ್ಬ ಗಂಡಸು ಊಟದ ತಟ್ಟೆಯನ್ನು ಆಚೆ ತಳ್ಳಿ ಸುಮ್ಮನೆ ಕೂತರೆ, ಮುಂದೆ ಏನಾಗುತ್ತದೆ ಎಂದು ನಮಗೆ ಯಾರೂ ಅನುವಾದ ಮಾಡಿ ಹೇಳಬೇಕಿಲ್ಲ.

ಇನ್ನೊಂದು ವಿಷಯ. ರಾತ್ರಿಯೆಲ್ಲ ಕೂತು ಕಥೆ ಕೇಳುವುದನ್ನು ಈ ನಾಡಿನ ಹೆಂಗಸರಿಗೆ ಯಾರೂ ಕಲಿಸಬೇಕಾಗಿಲ್ಲ. ದೇವರಗುಡ್ಡರು ಕಂಸಾಳೆ ಹಿಡಿದು ಮಾದೇಶ್ವರನ ಕಥೆ ಮಾಡುವಾಗ ಸಂಕಮ್ಮನ ಸಾಲು ಬರುತ್ತದಲ್ಲ, ನೆನಪು ಮಾಡಿಕೊಳ್ಳಿ. ಗಂಡ ನೀಲೇಗೌಡ ಕಾಡಿಗೆ ಹೊರಟವನು ಹೆಂಡತಿಯ ಹತ್ತಿರ ಭಾಷೆ ಕೇಳುತ್ತಾನೆ: ನಾನಿಲ್ಲದಾಗ ನೀನು ಶೀಲವಂತೆಯಾಗಿ ಇರುತ್ತೀಯ ಎಂದು ಕೈಮೇಲೆ ಕೈ ಇಟ್ಟು ಹೇಳು ಅಂತ. ಸಂಕಮ್ಮ ಒಪ್ಪುವುದಿಲ್ಲ. ಅವಳು ತಪ್ಪು ಮಾಡಿದವಳಲ್ಲ, ಮಾಡುವವಳೂ ಅಲ್ಲ. ಆದರೂ ಭಾಷೆ ಕೊಡುವುದಿಲ್ಲ. ಅದಕ್ಕಾಗಿ ಅವನು ಕೊಡಬಾರದ ಹಿಂಸೆ ಕೊಡುತ್ತಾನೆ. ಇಡೀ ಜನ ಕೂತು ಕಣ್ಣೀರು ಹಾಕಿ ಅದನ್ನು ಕೇಳುತ್ತೇವೆ. ಬೆಳಗಾದ ಮೇಲೆ ಪಕ್ಕದ ಮನೆಯಲ್ಲಿ ಅದೇ ನಡೆದರೆ "ಗಂಡ ಹೆಂಡಿರ ಜಗಳ, ನಮಗ್ಯಾಕೆ" ಎಂದು ಬಾಗಿಲು ಮುಂದೆ ಮಾಡಿಕೊಳ್ಳುತ್ತೇವೆ. ಕಥೆಯಲ್ಲಿ ಕಂಡದ್ದು ಪಕ್ಕದ ಮನೆಯಲ್ಲಿ ಯಾಕೆ ಕಾಣುವುದಿಲ್ಲ? ನಾನು ಇವತ್ತು ಹೇಳಬೇಕೆಂದಿರುವ ಚಿತ್ರಗಳನ್ನೆಲ್ಲ ಈ ಒಂದು ಪ್ರಶ್ನೆಗಾಗಿಯೇ ಆರಿಸಿಕೊಂಡಿದ್ದೇನೆ.

ನಮ್ಮ ಸಿನಿಮಾಗಳನ್ನು ಹಳಿಯಲು ನಾನು ಬಂದಿಲ್ಲ. ಪ್ರೇಮಾ ಕಾರಂತರ 'ಫಣಿಯಮ್ಮ', ಗಿರೀಶ ಕಾಸರವಳ್ಳಿಯವರ 'ಘಟಶ್ರಾದ್ಧ' ನಮ್ಮಲ್ಲೇ ಆದವು. ಆದರೆ ಮನರಂಜನೆಯ ಹೆಚ್ಚಿನ ಚಿತ್ರಗಳ ಲೆಕ್ಕಾಚಾರ ನಿಮಗೂ ಗೊತ್ತು. ಹೊಡೆಯುವ ಗಂಡ ಕುಡುಕನಾಗಿರಬೇಕು, ಇಲ್ಲವೇ ಅವನ ತಲೆಕೆಡಿಸುವ ತಾಯಿಯೋ ಇನ್ನೊಬ್ಬಳೋ ಇರಬೇಕು. ಹೆಂಡತಿ ತಾಳಿ ಕಣ್ಣಿಗೊತ್ತಿಕೊಂಡು ಎರಡೂವರೆ ಗಂಟೆ ತಡೆದುಕೊಂಡರೆ ಕಡೆಯ ರೀಲಿನಲ್ಲಿ ಅವನಿಗೆ ಬುದ್ಧಿ ಬರುತ್ತದೆ. ಈ ಕಡೆಯ ರೀಲನ್ನು ನಂಬಿಕೊಂಡು ಎಷ್ಟು ಹೆಣ್ಣುಮಕ್ಕಳು ವರ್ಷಗಟ್ಟಲೆ ಕಾದಿದ್ದಾರೆ! ನಾನು ಹೇಳುವ ಚಿತ್ರಗಳಲ್ಲಿ ಆ ಕಡೆಯ ರೀಲು ಇಲ್ಲ.

ಮೊದಲನೆಯದು ಸ್ಪೇನ್ ದೇಶದ್ದು. ಇಸಿಯಾರ್ ಬೊಯಾಯಿನ್ ಎಂಬ ಮಹಿಳೆ 2003ರಲ್ಲಿ ನಿರ್ದೇಶಿಸಿದ ಚಿತ್ರ. ಅದರ ಹೆಸರಿನ ಅರ್ಥ 'ನನ್ನ ಕಣ್ಣುಗಳನ್ನು ನಿನಗೆ ಕೊಡುತ್ತೇನೆ' ಎಂದು. ಟೊಲೆಡೊ ಎಂಬ ಹಳೆಯ ಊರು. ರಾತ್ರಿ ಹೊತ್ತು ಪಿಲಾರ್ ಎಂಬ ಹೆಂಗಸು ಗಡಿಬಿಡಿಯಿಂದ ನಾಲ್ಕು ಬಟ್ಟೆ ತುಂಬಿಕೊಂಡು, ಮಲಗಿದ್ದ ಮಗನನ್ನು ಎಬ್ಬಿಸಿಕೊಂಡು ತಂಗಿಯ ಮನೆಗೆ ಓಡಿಬರುತ್ತಾಳೆ. ಅಲ್ಲಿಗೆ ಬಂದ ಮೇಲೆ ಕಾಲು ನೋಡಿಕೊಳ್ಳುತ್ತಾಳೆ: ಮನೆಯೊಳಗೆ ಹಾಕುವ ಮೆತ್ತನೆ ಚಪ್ಪಲಿಯಲ್ಲೇ ಬಂದುಬಿಟ್ಟಿದ್ದಾಳೆ. ಹೊಡೆತವನ್ನು ನಮಗೆ ತೋರಿಸಿಯೇ ಇಲ್ಲ, ಚಪ್ಪಲಿ ತೋರಿಸಿದ್ದಾರೆ. ರಾತ್ರಿ ಹೊತ್ತು ಬರಿಗಾಲಲ್ಲಿ ತವರಿಗೆ ಬಂದವರು ಈ ತಾಲ್ಲೂಕಿನಲ್ಲಿ ಎಷ್ಟು ಮಂದಿಯೋ. ಅವರಿಗೆ ಆ ಚಪ್ಪಲಿಯ ಅರ್ಥ ನನಗಿಂತ ಚೆನ್ನಾಗಿ ಆಗುತ್ತದೆ.

ಗಂಡ ಆಂಟೋನಿಯೋ ರಾಕ್ಷಸನಲ್ಲ. ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ, ಹೆಂಡತಿಯನ್ನು ಪ್ರೀತಿಸುತ್ತಾನೆ, ತಪ್ಪಾಯಿತು ಎಂದು ಉಡುಗೊರೆ ಹಿಡಿದು ಬರುತ್ತಾನೆ. ಕೋಪ ಹಿಡಿತಕ್ಕೆ ತಂದುಕೊಳ್ಳಲು ಗಂಡಸರ ಗುಂಪಿನಲ್ಲಿ ಕೂತು ಸಲಹೆಗಾರನ ಮಾತು ಕೇಳುತ್ತಾನೆ, ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ. ಆ ಗುಂಪಿನ ಗಂಡಸರು ಆಡುವ ಮಾತು ಕೇಳಿ. ಸ್ಪೇನಿನವರು ಎನಿಸುವುದೇ ಇಲ್ಲ, ನಮ್ಮ ಅರಳಿಕಟ್ಟೆಯವರೇ. ಪಿಲಾರ್ ನಂಬುತ್ತಾಳೆ, ವಾಪಸು ಹೋಗುತ್ತಾಳೆ. ಅವಳ ತಾಯಿಗೂ ಅದೇ ಬೇಕು. ಗಂಡನಿಲ್ಲದ ಹೆಂಗಸಿಗೆ ಬೆಲೆ ಎಲ್ಲಿ ಎಂಬುದು ಆ ತಾಯಿಯ ವಾದ. ಅಷ್ಟರಲ್ಲಿ ಪಿಲಾರ್‌ಗೆ ಒಂದು ಕೆಲಸ ಸಿಕ್ಕಿದೆ. ದೊಡ್ಡ ಚಿತ್ರವೊಂದಿರುವ ಇಗರ್ಜಿಯಲ್ಲಿ ಟಿಕೆಟು ಹರಿಯುವ ಕೆಲಸ. ಅಲ್ಲಿ ಆ ಚಿತ್ರಗಳನ್ನು ನೋಡುತ್ತ ನೋಡುತ್ತ ಬಂದವರಿಗೆ ವಿವರಿಸಿ ಹೇಳುವುದನ್ನೂ ಕಲಿಯುತ್ತಾಳೆ, ಅವಳ ಮುಖದಲ್ಲಿ ಕಳೆ ಬರುತ್ತದೆ. ಗಂಡನಿಗೆ ಸಹಿಸಲಾಗದ್ದು ಅದೇ. ನಾನು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದೆ, ಈ ಚಿತ್ರದಲ್ಲಿ ಅವಳ ಮುಖಕ್ಕೆ ಕಳೆ ಬಂದಷ್ಟೂ ಅಪಾಯ ಹತ್ತಿರ ಬರುತ್ತದೆ, ಗಮನಿಸಿ ಎಂದು. ನಿಮ್ಮ ಸಂಘಕ್ಕೆ ಸೇರಿ, ಬ್ಯಾಂಕಿಗೆ ಹೋಗಿಬಂದು, ನಾಲ್ಕು ಮಾತು ಕಲಿತ ಮೇಲೆ ಮನೆಯಲ್ಲಿ ಜಗಳ ಹೆಚ್ಚಾದ ಅನುಭವ ನಿಮ್ಮಲ್ಲಿ ಎಷ್ಟು ಜನಕ್ಕಿದೆಯೋ ನೀವೇ ಹೇಳಬೇಕು.

ಬೇರೆ ಊರಿನಲ್ಲಿ ಒಳ್ಳೆಯ ಕೆಲಸದ ಸಂದರ್ಶನಕ್ಕೆ ಅವಳು ಹೊರಡುವ ಬೆಳಿಗ್ಗೆ ಅವನು ಅವಳ ಪುಸ್ತಕವನ್ನು ಹರಿಯುತ್ತಾನೆ, ಉಟ್ಟಿದ್ದನ್ನು ಕಿತ್ತು ಬೀದಿಗೆ ಕಾಣುವ ಬಾಲ್ಕನಿಗೆ ತಳ್ಳಿ ಬಾಗಿಲು ಹಾಕುತ್ತಾನೆ. ಹೆದರಿಕೆಗೆ ಅವಳಿಗೆ ಉಚ್ಚೆ ಹೋಗಿಬಿಡುತ್ತದೆ. ಈ ದೃಶ್ಯ ನೋಡುವುದು ಕಷ್ಟ, ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಅವಳು ಪೊಲೀಸ್ ಠಾಣೆಗೆ ಹೋಗುತ್ತಾಳೆ. ಅಧಿಕಾರಿ ಕೇಳುತ್ತಾನೆ, ಎಲ್ಲಿ ಹೊಡೆದ, ಗಾಯ ಎಲ್ಲಿ? ಮೈಮೇಲೆ ಗಾಯವಿಲ್ಲ. ಒಳಗೆ ಎಲ್ಲವನ್ನೂ ಮುರಿದುಬಿಟ್ಟಿದ್ದಾನೆ ಎನ್ನುವುದನ್ನು ಹೇಳಲು ಅವಳು ಒದ್ದಾಡುತ್ತಾಳೆ. ದೂರು ಪುಸ್ತಕದಲ್ಲಿ ಅದನ್ನು ಬರೆಯುವ ಅಂಕಣ ಇಲ್ಲ.

ಇಲ್ಲಿ ನಾನು ಒಂದು ವಿಷಯ ಒಪ್ಪಿಕೊಳ್ಳಬೇಕು. ನಾನು ಪಾಠ ಮಾಡುತ್ತಿದ್ದಾಗ ಮದುವೆಯಾದ ಮೇಲೂ ಓದು ಮುಂದುವರಿಸಿದ್ದ ಒಬ್ಬ ಹುಡುಗಿ ನನ್ನ ಹತ್ತಿರ ಬಂದಳು. ಅವರು ಹೊಡೆಯುವುದಿಲ್ಲ ಮೇಡಂ, ಆದರೆ ನನ್ನ ನೋಟ್ಸು ಒಲೆಗೆ ಹಾಕುತ್ತಾರೆ, ರಾತ್ರಿ ಆಚೆ ನಿಲ್ಲಿಸುತ್ತಾರೆ ಎಂದಳು. ನಾನು ಕೇಳಿದ್ದು ಏನು ಗೊತ್ತೆ? "ಹೊಡೆದಿಲ್ಲ ತಾನೆ?" ಎಂದು. ಸ್ವಲ್ಪ ಹೊಂದಿಕೊಂಡು ಹೋಗಮ್ಮ, ಪರೀಕ್ಷೆ ಮುಗಿಯಲಿ ಎಂದು ಸಮಾಧಾನ ಮಾಡಿ ಕಳಿಸಿದೆ. ಎಂ.ಎ. ಓದಿದವಳು, ಸ್ತ್ರೀವಾದದ ಪುಸ್ತಕಗಳನ್ನು ಕಪಾಟಿನಲ್ಲಿ ಇಟ್ಟುಕೊಂಡವಳು ನಾನು. ಅವಳು ಪರೀಕ್ಷೆಗೆ ಬರಲಿಲ್ಲ. ಮತ್ತೆ ನನ್ನ ಹತ್ತಿರವೂ ಬರಲಿಲ್ಲ. ವರ್ಷಗಳ ನಂತರ ಈ ಚಿತ್ರ ನೋಡುವಾಗ ಠಾಣೆಯ ಆ ಅಧಿಕಾರಿಯ ಪ್ರಶ್ನೆ ನನ್ನದೇ ಪ್ರಶ್ನೆ ಎಂದು ತಿಳಿಯಿತು. ಅಂದು ನಾನು ಈ ಚಿತ್ರ ನೋಡಿದ್ದರೆ ಬೇರೆ ಮಾತು ಆಡುತ್ತಿದ್ದೆನೋ ಏನೋ.

ಆ ಚಿತ್ರ ಬಂದ ಮರುವರ್ಷವೇ, 2004ರ ಡಿಸೆಂಬರಿನಲ್ಲಿ, ಸ್ಪೇನಿನಲ್ಲಿ ಹೆಂಗಸರ ಮೇಲಿನ ದೌರ್ಜನ್ಯ ತಡೆಯುವ ಕಾನೂನು ಆಯಿತು. ಚಿತ್ರದಿಂದ ಕಾನೂನು ಬಂತು ಎಂದು ನಾನು ಹೇಳುವುದಿಲ್ಲ, ಅಲ್ಲಿನ ಹೆಂಗಸರು ಬಹಳ ಕಾಲದಿಂದ ಹೋರಾಡಿದ್ದರು. ನಮ್ಮಲ್ಲಿ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ರಕ್ಷಣೆ ಕಾಯ್ದೆ 2005ರಲ್ಲಿ ಆಗಿ, 2006ರ ಅಕ್ಟೋಬರ್ 26ರಿಂದ ಜಾರಿಗೆ ಬಂದಿದೆ. ಅದರಲ್ಲಿ ಹೊಡೆತ ಮಾತ್ರವಲ್ಲ, ಬೈಗುಳ, ಅವಮಾನ, ಖರ್ಚಿಗೆ ಕೊಡದಿರುವುದು, ನಿಮ್ಮ ದುಡ್ಡು ಒಡವೆ ಕಿತ್ತುಕೊಳ್ಳುವುದು, ವರದಕ್ಷಿಣೆಗಾಗಿ ಕಾಡುವುದು ಎಲ್ಲವೂ ದೌರ್ಜನ್ಯವೇ. ಮನೆ ಗಂಡನ ಹೆಸರಿನಲ್ಲಿದ್ದರೂ, ಅತ್ತೆ ಮಾವನ ಹೆಸರಿನಲ್ಲಿದ್ದರೂ, ಸಂಸಾರ ಮಾಡಿದ ಮನೆಯಲ್ಲಿ ವಾಸ ಮಾಡುವ ಹಕ್ಕು ಹೆಂಡತಿಗೆ ಉಂಟು. ದೂರು ಕೊಡಲು ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಕಚೇರಿಗೆ ಹೋಗಬಹುದು, ಅಲ್ಲಿನ ಅಧಿಕಾರಿಯೇ ರಕ್ಷಣಾಧಿಕಾರಿ. 181ಕ್ಕೆ ಫೋನು ಮಾಡಬಹುದು. ಕ್ರೌರ್ಯಕ್ಕೆ ಶಿಕ್ಷೆ ಕೊಡುವ ಹಳೆಯ 498ಎ ಕಲಮು 1983ರಲ್ಲಿ ಬಂದದ್ದು. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಮಾಗಿದೆ. ಸಂಖ್ಯೆ ಬದಲಾಗಿದೆ, ಕಾನೂನು ಹೋಗಿಲ್ಲ. ಹೋಯಿತಂತೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಚಿತ್ರ ಹೇಗೆ ಮುಗಿಯುತ್ತದೆ ಎಂದೂ ಹೇಳಿಬಿಡುತ್ತೇನೆ, ಅದರಿಂದ ನೋಡುವ ಸುಖ ಕಡಿಮೆಯಾಗುವುದಿಲ್ಲ. ಪಿಲಾರ್ ತನ್ನ ಸಾಮಾನು ತೆಗೆದುಕೊಳ್ಳಲು ಆ ಮನೆಗೆ ಕಡೆಯ ಸಲ ಬರುತ್ತಾಳೆ. ಒಬ್ಬಳೇ ಅಲ್ಲ. ಜೊತೆಯಲ್ಲಿ ಕೆಲಸ ಮಾಡುವ ಇಬ್ಬರು ಗೆಳತಿಯರು ಬಂದಿದ್ದಾರೆ. ಅವರು ಜಗಳ ಆಡುವುದಿಲ್ಲ, ಭಾಷಣ ಮಾಡುವುದಿಲ್ಲ, ಸುಮ್ಮನೆ ಜೊತೆಗಿದ್ದಾರೆ. ಅವನು ಏನೂ ಮಾಡಲಾಗದೆ ನೋಡುತ್ತಿರುತ್ತಾನೆ. ಮೂವರೂ ನಡೆದುಹೋಗುತ್ತಾರೆ. ಒಂದು ಸಂಘದಲ್ಲಿ ಹದಿನೈದು, ಇಪ್ಪತ್ತು ಜನ ಇದ್ದೀರಿ. ಅವಳಿಗೆ ಬೇಕಾಗಿದ್ದು ಇಬ್ಬರು.

ಎರಡನೆಯದು ಇಟಲಿಯದು, ಈಚಿನದು. ಪಾವೊಲಾ ಕೊರ್ಟೆಲ್ಲೆಸಿ ಎಂಬ ನಟಿ ತಾನೇ ನಿರ್ದೇಶಿಸಿ ನಟಿಸಿ 2023ರಲ್ಲಿ ಮಾಡಿದ ಕಪ್ಪು ಬಿಳುಪಿನ ಚಿತ್ರ. ಹೆಸರು 'ಇನ್ನೂ ನಾಳೆ ಇದೆ'. ಇಟಲಿಯಲ್ಲಿ ಆ ವರ್ಷ ಎಲ್ಲಕ್ಕಿಂತ ಹೆಚ್ಚು ಹಣ ಗಳಿಸಿದ ಚಿತ್ರ ಅದು, ಐವತ್ತು ಲಕ್ಷಕ್ಕೂ ಹೆಚ್ಚು ಜನ ಚಿತ್ರಮಂದಿರಕ್ಕೆ ಹೋಗಿ ನೋಡಿದರು. ಹೆಂಗಸರ ಕಷ್ಟದ ಚಿತ್ರ ಯಾರು ನೋಡುತ್ತಾರೆ ಎನ್ನುವವರಿಗೆ ಇದೇ ಉತ್ತರ.

1946ರ ರೋಮ್ ನಗರ. ಯುದ್ಧ ಮುಗಿದಿದೆ, ಬಡತನವಿದೆ. ಬೆಳಿಗ್ಗೆ ಡೆಲಿಯಾ ಕಣ್ಣು ಬಿಟ್ಟು ಗಂಡನಿಗೆ ನಮಸ್ಕಾರ ಹೇಳುತ್ತಾಳೆ, ಅವನು ಕೆನ್ನೆಗೆ ಬಾರಿಸುತ್ತಾನೆ. ಅವಳು ಎದ್ದು ಕೆಲಸಕ್ಕೆ ತೊಡಗುತ್ತಾಳೆ. ಚಿತ್ರ ಶುರುವಾಗುವುದೇ ಹೀಗೆ. ಅವಳು ಮನೆ ಮನೆಗೆ ಹೋಗಿ ಇಂಜೆಕ್ಷನ್ ಚುಚ್ಚುತ್ತಾಳೆ, ಬಟ್ಟೆ ಹೊಲಿಯುತ್ತಾಳೆ, ಛತ್ರಿ ರಿಪೇರಿ ಮಾಡುತ್ತಾಳೆ. ಛತ್ರಿ ಅಂಗಡಿಯಲ್ಲಿ ಹೊಸ ಹುಡುಗನಿಗೆ ಕೆಲಸ ಕಲಿಸುವವಳು ಇವಳು, ಆದರೆ ಅವನಿಗೆ ಕೂಲಿ ಜಾಸ್ತಿ. ಯಾಕೆಂದು ಕೇಳಿದರೆ ಅವನು ಗಂಡಸು ಎನ್ನುತ್ತಾನೆ ಯಜಮಾನ. ಅರಿಶಿನದ ಹೊಲದಲ್ಲಿ ಗಂಡಾಳಿಗೆ ಎಷ್ಟು, ಹೆಣ್ಣಾಳಿಗೆ ಎಷ್ಟು ಎಂದು ನಾನು ನಿಮ್ಮನ್ನು ಕೇಳುವುದಿಲ್ಲ. ಮನೆಯಲ್ಲಿ ಹಾಸಿಗೆ ಹಿಡಿದ ಮಾವ ಬೇರೆ ಇದ್ದಾನೆ. ದಿನಾ ಹೊಡೆದರೆ ಅಭ್ಯಾಸವಾಗಿಬಿಡುತ್ತದೆ, ಯಾವಾಗಲಾದರೂ ಒಮ್ಮೆ ಸರಿಯಾಗಿ ಬಿಡಬೇಕು ಎಂದು ಮಗನಿಗೆ ಉಪದೇಶ ಮಾಡುತ್ತಾನೆ. ಇದನ್ನು ಕೇಳಿ ನಗು ಬರುತ್ತದೆ, ನಕ್ಕ ಮೇಲೆ ನಾಚಿಕೆಯಾಗುತ್ತದೆ. ಗಂಡ ಹೊಡೆಯುವ ಒಂದು ದೊಡ್ಡ ದೃಶ್ಯವನ್ನು ನಿರ್ದೇಶಕಿ ಕುಣಿತದ ಹಾಗೆ ಮಾಡಿದ್ದಾರೆ, ಹಿಂದೆ ಹಾಡು ಬರುತ್ತಿರುತ್ತದೆ. ಕೆಲವರಿಗೆ ಇದು ಸರಿ ಬರಲಿಲ್ಲ. ನನಗೆ ಸರಿ ಎನಿಸಿತು. ಹೆಂಗಸಿನ ಮೈಮೇಲಿನ ಹೊಡೆತವನ್ನು ಬಾಯಿ ಚಪ್ಪರಿಸಿ ನೋಡುವ ಕಣ್ಣುಗಳೂ ಚಿತ್ರಮಂದಿರದಲ್ಲಿ ಇರುತ್ತವಲ್ಲ, ಅವಕ್ಕೆ ಏನೂ ಸಿಗುವುದಿಲ್ಲ.

ಡೆಲಿಯಾ ದುಡಿದದ್ದನ್ನೆಲ್ಲ ಗಂಡನ ಕೈಗೆ ಕೊಡಬೇಕು. ಕೊಡುವ ಮೊದಲು ಒಂದಿಷ್ಟನ್ನು ಒಳಗೆ ಬಚ್ಚಿಡುತ್ತಾಳೆ. ನಮ್ಮ ಸಾಸಿವೆ ಡಬ್ಬಿಯ ದುಡ್ಡು ಇದ್ದ ಹಾಗೆ. ಯಾತಕ್ಕೆ? ಮಗಳು ಮಾರ್ಚೆಲ್ಲಾಳ ಮದುವೆಯ ಉಡುಪಿಗೆ. ಹುಡುಗ ತಮಗಿಂತ ಉಳ್ಳವರ ಮನೆಯವನು, ಅವರದು ಸ್ವಂತ ಅಂಗಡಿ. ಸಂಬಂಧ ಸಿಕ್ಕಿದ್ದೇ ಪುಣ್ಯ ಎಂದು ಮನೆಯವರೆಲ್ಲ ಹಿಗ್ಗಿದ್ದಾರೆ. ಒಂದು ದಿನ ಡೆಲಿಯಾ ಮರೆಯಲ್ಲಿ ನಿಂತು ನೋಡುತ್ತಾಳೆ. ಆ ಹುಡುಗ ಅವಳ ಮಗಳಿಗೆ, ಮದುವೆಯಾದ ಮೇಲೆ ನೀನು ಕೆಲಸಕ್ಕೆ ಹೋಗಕೂಡದು, ಯಾರಿಗಾಗಿ ಅಲಂಕಾರ ಮಾಡಿಕೊಂಡಿದ್ದೀಯ ಎನ್ನುತ್ತಾನೆ, ಅವಳ ತುಟಿಯ ಬಣ್ಣವನ್ನು ಕೈಯಿಂದ ಒತ್ತಿ ಉಜ್ಜುತ್ತಾನೆ. ಮಗಳಿಗೆ ಅದು ಪ್ರೀತಿಯಾಗಿ ಕಾಣುತ್ತದೆ. ತಾಯಿಗೆ ಅಲ್ಲಿ ತನ್ನ ಗಂಡ ಕಾಣುತ್ತಾನೆ. ಒಂದು ಏಟೂ ಬಿದ್ದಿಲ್ಲ, ಆದರೂ ಅವಳಿಗೆ ಗೊತ್ತಾಗಿಬಿಟ್ಟಿದೆ. ಗಂಡು ನೋಡಲು ಹೋದಾಗ ಜಮೀನು ಎಷ್ಟು, ಕೆಲಸ ಏನು ಎಂದು ವಿಚಾರಿಸುತ್ತೇವೆ. ಆ ಹುಡುಗ ತನ್ನ ತಾಯಿಯನ್ನು, ತಂಗಿಯನ್ನು ಹೇಗೆ ಮಾತಾಡಿಸುತ್ತಾನೆ ಎಂದು ಯಾರು ನೋಡುತ್ತಾರೆ? ಆ ಸಂಬಂಧವನ್ನು ಡೆಲಿಯಾ ಹೇಗೆ ಮುರಿಯುತ್ತಾಳೆ ಎಂಬುದನ್ನು ನಾನು ಹೇಳುವುದಿಲ್ಲ. ನಿಮಗೆ ಚಪ್ಪಾಳೆ ತಟ್ಟಬೇಕೆನಿಸುತ್ತದೆ, ಆದರೆ ನೀವು ಹಾಗೆ ಮಾಡಲು ಹೋಗಬೇಡಿ.

ಅವಳಿಗೆ ಒಂದು ಕಾಗದ ಬರುತ್ತದೆ. ಯಾರಿಗೂ ತೋರಿಸದೆ ಬಚ್ಚಿಡುತ್ತಾಳೆ. ಹಳೆಯ ಪರಿಚಯದ ಮೆಕ್ಯಾನಿಕ್ ಒಬ್ಬನಿದ್ದಾನೆ, ಅವನ ಜೊತೆ ಓಡಿಹೋಗುತ್ತಾಳೆ ಎಂದೇ ನಾವೆಲ್ಲ ಅಂದುಕೊಳ್ಳುತ್ತೇವೆ. ಅವಳು ಹೊಸ ರವಿಕೆ ಹೊಲಿದುಕೊಂಡು, ಬೆಳಿಗ್ಗೆ ಮನೆಯಿಂದ ಹೊರಬಿದ್ದು ಓಡುತ್ತಾಳೆ. ಓಡುವುದು ಎಲ್ಲಿಗೆ? ಮತಗಟ್ಟೆಗೆ. ಆ ಕಾಗದ ಅವಳ ಮತದಾರರ ಚೀಟಿ. 1946ರ ಜೂನ್ 2 ಮತ್ತು 3ರಂದು, ರಾಜ ಬೇಕೋ ಗಣರಾಜ್ಯ ಬೇಕೋ ಎಂದು ಇಟಲಿಯಲ್ಲಿ ಮತ ಹಾಕಿದರು, ಇಡೀ ದೇಶದ ಮತದಾನದಲ್ಲಿ ಹೆಂಗಸರು ಪಾಲುಗೊಂಡದ್ದು ಅದೇ ಮೊದಲು. ಮತಪತ್ರವನ್ನು ನಾಲಗೆಯಿಂದ ಅಂಟಿಸಬೇಕು, ಬಣ್ಣದ ಗುರುತು ಬಿದ್ದರೆ ಮತ ಹಾಳಾದೀತು ಎಂದು ಅಲ್ಲಿ ಸಾಲುಗಟ್ಟಿ ನಿಂತ ಹೆಂಗಸರೆಲ್ಲ ತುಟಿಯ ಬಣ್ಣ ಒರೆಸಿಕೊಳ್ಳುತ್ತಾರೆ. ಆ ಹುಡುಗ ಒರೆಸಿದ್ದಕ್ಕೂ ಇದಕ್ಕೂ ಇರುವ ವ್ಯತ್ಯಾಸ ನೋಡಿ. ಗಂಡ ಅಟ್ಟಿಸಿಕೊಂಡು ಬಂದು ಮೆಟ್ಟಿಲ ಕೆಳಗೆ ನಿಲ್ಲುತ್ತಾನೆ. ಮೇಲೆ ನಿಂತ ಹೆಂಗಸರೆಲ್ಲ ಅವನನ್ನು ನೋಡುತ್ತಾರೆ, ಬರೀ ನೋಡುತ್ತಾರೆ. ಅವನು ಹಿಂದಕ್ಕೆ ಸರಿಯುತ್ತಾನೆ.

ಮದುವೆಯ ಉಡುಪಿಗೆಂದು ಕೂಡಿಸಿದ ಆ ದುಡ್ಡನ್ನು ಅವಳು ಮಗಳ ಓದಿಗೆ ಬಿಟ್ಟು ಹೋಗಿರುತ್ತಾಳೆ. ಈ ಮಾತನ್ನು ನಾನು ಇಲ್ಲಿ ಸ್ವಲ್ಪ ನಿಷ್ಠುರವಾಗಿಯೇ ಹೇಳುತ್ತೇನೆ. ಸಂಘದಲ್ಲಿ ಹಸು ಸಾಲ ಎಂದು ಬರೆಸಿ, ಆ ದುಡ್ಡು ಅಳಿಯನ ಬೈಕಿಗೆ ಹೋದದ್ದು ಉಂಟೋ ಇಲ್ಲವೋ? ವರದಕ್ಷಿಣೆ ನಿಷೇಧ ಕಾಯ್ದೆ 1961ರಷ್ಟು ಹಳೆಯದು. ಕೊಡುವುದೂ ತಪ್ಪು, ತೆಗೆದುಕೊಳ್ಳುವುದೂ ತಪ್ಪು. ಹೆಂಗಸರೇ ಕೂಡಿಸಿದ ದುಡ್ಡಿನಿಂದ, ಹೆಂಗಸರ ಸಹಿಯಿಂದಲೇ ವರದಕ್ಷಿಣೆ ಹೋಗುವುದಾದರೆ ಈ ಸಂಘ ಯಾತಕ್ಕೆ?

ಮತದ ವಿಷಯ ಬಂತು, ನಮ್ಮದೂ ಒಂದು ಸಂಗತಿ ಹೇಳಿಬಿಡುತ್ತೇನೆ. 1951–52ರ ಮೊದಲ ಮಹಾಚುನಾವಣೆಗೆ ಪಟ್ಟಿ ಮಾಡುವಾಗ ದೇಶದಲ್ಲಿ ಎಷ್ಟೋ ಹೆಂಗಸರು ತಮ್ಮ ಹೆಸರು ಹೇಳದೆ ಇಂಥವನ ಹೆಂಡತಿ, ಇಂಥವನ ತಾಯಿ ಎಂದೇ ಬರೆಸಿದರು. ಉತ್ತರದ ಪ್ರಾಂತಗಳಲ್ಲಿ ಇದು ಹೆಚ್ಚು. ಹಾಗೆ ಸುಮಾರು 28 ಲಕ್ಷ ಹೆಂಗಸರನ್ನು ಪಟ್ಟಿಯಿಂದ ತೆಗೆಯಬೇಕಾಯಿತು. ನಿಮ್ಮ ಪಾಸ್‌ಬುಕ್ಕಿನಲ್ಲಿ ನಿಮ್ಮ ಹೆಸರಿದೆ. ಅದು ಸಣ್ಣ ಮಾತಲ್ಲ.

ಇಟಲಿಯದೇ ಇನ್ನೊಂದು ಚಿತ್ರ, ಬಹಳ ಹಳೆಯದು, ವಿಟ್ಟೋರಿಯೊ ಡಿ ಸಿಕಾ 1948ರಲ್ಲಿ ಮಾಡಿದ 'ಬೈಸಿಕಲ್ ಥೀವ್ಸ್'. ಜಗತ್ತೆಲ್ಲ ಕೊಂಡಾಡಿದ ಚಿತ್ರ. ಬಡವನೊಬ್ಬ ಸೈಕಲ್ ಕಳೆದುಕೊಂಡು ಮಗನ ಕೈಹಿಡಿದು ಊರೆಲ್ಲ ಹುಡುಕುವ ಕಥೆ. ಎಂ.ಎ. ಓದುವಾಗ ಮೈಸೂರಿನಲ್ಲಿ ಬಿಳಿ ಬಟ್ಟೆಯ ಪರದೆಯ ಮೇಲೆ ಇದನ್ನು ನೋಡಿ ತಂದೆ ಮಗನಿಗಾಗಿ ಅತ್ತಿದ್ದೆ. ಬಹಳ ವರ್ಷಗಳ ಮೇಲೆ ಮತ್ತೆ ನೋಡಿದಾಗ ಅವನ ಹೆಂಡತಿ ಮರಿಯಾ ಕಂಡಳು. ಒತ್ತೆ ಇಟ್ಟ ಸೈಕಲ್ ಬಿಡಿಸಿದರೆ ಮಾತ್ರ ಗಂಡನಿಗೆ ಕೆಲಸ. ಅವಳು ಹಾಸಿಗೆಯ ಹೊದಿಕೆಗಳನ್ನು ಎಳೆದು ತೆಗೆಯುತ್ತಾಳೆ. ತವರಿನಿಂದ ತಂದ ಬಟ್ಟೆ ಅವು. ಒತ್ತೆ ಅಂಗಡಿಯಲ್ಲಿ ಅಂಥ ಬಟ್ಟೆಯ ಗಂಟುಗಳು ಸೂರಿನವರೆಗೆ ಪೇರಿಸಿವೆ. ಒಂದೊಂದು ಗಂಟೂ ಒಬ್ಬೊಬ್ಬ ಹೆಂಗಸಿನದು. ಚಿತ್ರದ ಹೆಸರು ಸೈಕಲ್ಲಿನದು, ಅದನ್ನು ಬಿಡಿಸಿದ ಬಟ್ಟೆ ಅವಳದು. ನಮ್ಮ ಎಷ್ಟು ಜನರ ಓಲೆ, ಸರ ಈಗ ಬ್ಯಾಂಕಿನ ಪೆಟ್ಟಿಗೆಯಲ್ಲಿವೆ?

ಭಾಷೆಯೇ ಅಷ್ಟಾಗಿ ಬೇಡದ ಚಿತ್ರವೊಂದು ಬೇಕೆಂದರೆ ಇರಾನಿನ ಮರ್ಜಿಯೆ ಮೆಶ್ಕಿನಿ 2000ದಲ್ಲಿ ಮಾಡಿದ 'ನಾನು ಹೆಣ್ಣಾದ ದಿನ' ನೋಡಿ. ಒಂದೂಕಾಲು ಗಂಟೆಯ ಚಿತ್ರ, ಮೂರು ಕಥೆ. ಅದರಲ್ಲಿ ಮಧ್ಯದ್ದು ಹೀಗಿದೆ: ಸಮುದ್ರದ ದಂಡೆಯಲ್ಲಿ ಹೆಂಗಸರ ಸೈಕಲ್ ಓಟ, ಕಪ್ಪು ಬಟ್ಟೆ ಹೊದ್ದ ಆಹೂ ಎಂಬಾಕೆ ತುಳಿಯುತ್ತಿದ್ದಾಳೆ. ಗಂಡ ಕುದುರೆ ಏರಿ ಪಕ್ಕದಲ್ಲೇ ಓಡಿಸುತ್ತ ಇಳಿ ಎನ್ನುತ್ತಾನೆ. ಇಳಿಯುವುದಿಲ್ಲ. ಮುಲ್ಲಾನನ್ನು ಕರೆತಂದು ಓಡುತ್ತಿರುವಾಗಲೇ ತಲಾಖ್ ಆಗುತ್ತದೆ. ಆಮೇಲೆ ಹಿರಿಯರು ಬರುತ್ತಾರೆ, ಕಡೆಗೆ ಅಣ್ಣತಮ್ಮಂದಿರು ದಾರಿಗೆ ಅಡ್ಡ ನಿಲ್ಲುತ್ತಾರೆ. ಮುಂದೇನಾಯಿತು? ಮೂರನೆಯ ಕಥೆಯಲ್ಲಿ ಇಬ್ಬರು ಹುಡುಗಿಯರು ಆ ಬಗ್ಗೆ ಎರಡು ಥರ ಹೇಳುತ್ತಾರೆ. ಸರ್ಕಾರ ಎಂಟನೇ ತರಗತಿಯ ಹೆಣ್ಣುಮಕ್ಕಳಿಗೆ ಸೈಕಲ್ ಕೊಡುತ್ತಿದ್ದ ದಿನಗಳಲ್ಲಿ ನಿಮ್ಮ ಮಕ್ಕಳೂ ತುಳಿದವರೇ. ಅವರನ್ನು ಕೂರಿಸಿಕೊಂಡು ಇದನ್ನು ನೋಡಿ, ಆಹೂ ಏನಾದಳು ಎಂದು ಅವರನ್ನೇ ಕೇಳಿ.

ಚೀನಾದ ಜಾಂಗ್ ಯಿಮೌ 1991ರಲ್ಲಿ ಮಾಡಿದ 'ರೈಸ್ ದಿ ರೆಡ್ ಲ್ಯಾಂಟರ್ನ್' ಅತ್ತೆ ಸೊಸೆ, ಓರಗಿತ್ತಿಯರ ಜಗಳದ ಬಗ್ಗೆ ಯೋಚಿಸುವವರಿಗೆ. ಒಬ್ಬ ಶ್ರೀಮಂತನಿಗೆ ನಾಲ್ವರು ಹೆಂಡತಿಯರು. ಯಾರ ಮನೆಗೆ ಆ ರಾತ್ರಿ ಅವನು ಬರುತ್ತಾನೋ ಅಲ್ಲಿ ಕೆಂಪು ದೀಪ. ಆ ದೀಪಕ್ಕಾಗಿ ಹೆಂಗಸರು ಒಬ್ಬರನ್ನೊಬ್ಬರು ಹಾಳುಮಾಡಿಕೊಳ್ಳುತ್ತಾರೆ. ಇಡೀ ಚಿತ್ರದಲ್ಲಿ ಆ ಯಜಮಾನನ ಮುಖ ಒಮ್ಮೆಯೂ ಸರಿಯಾಗಿ ಕಾಣುವುದಿಲ್ಲ. ಜಗಳ ಮಾತ್ರ ನಮಗೆ ಕಾಣುತ್ತದೆ, ಹಚ್ಚಿದವನು ಕಾಣುವುದಿಲ್ಲ.

ಆಫ್ರಿಕದ ಉಸ್ಮಾನ್ ಸೆಂಬೆನ್ ಹಡಗುಕಟ್ಟೆಯಲ್ಲಿ ಮೂಟೆ ಹೊತ್ತವರು. ಕಾದಂಬರಿಕಾರರಾದರು. ತಮ್ಮ ಜನಕ್ಕೆ ಓದಲು ಬಾರದು, ಕಾದಂಬರಿ ಅವರಿಗೆ ತಲುಪುವುದಿಲ್ಲ ಎಂದು ಸಿನಿಮಾಕ್ಕೆ ಬಂದವರು. ಎಂಬತ್ತರ ಸುಮಾರಿನಲ್ಲಿ, 2004ರಲ್ಲಿ, 'ಮೂಲಾದೆ' ಎಂಬ ಚಿತ್ರ ಮಾಡಿದರು. ಆ ಹಳ್ಳಿಯಲ್ಲಿ ಹುಡುಗಿಯರ ಗುಪ್ತಾಂಗ ಕತ್ತರಿಸುವ ಕ್ರೂರ ಪದ್ಧತಿ. ನಾಲ್ಕು ಹುಡುಗಿಯರು ತಪ್ಪಿಸಿಕೊಂಡು ಕೊಲೆ ಎಂಬ ಹೆಂಗಸಿನ ಮನೆಗೆ ಓಡಿಬರುತ್ತಾರೆ. ಹೆಸರು ನಮಗೆ ವಿಚಿತ್ರವಾಗಿ ಕೇಳುತ್ತದೆ, ಆದರೆ ಅವಳು ಕಾಯುವವಳು. ಬಾಗಿಲಿಗೆ ಅಡ್ಡಲಾಗಿ ಒಂದು ಬಣ್ಣದ ಹಗ್ಗ ಕಟ್ಟುತ್ತಾಳೆ. ಅದೇ ಮೂಲಾದೆ, ಅಭಯ. ಅದನ್ನು ದಾಟಲು ಯಾರಿಗೂ ಧೈರ್ಯವಿಲ್ಲ. ಹೆಂಗಸರು ಕೆಟ್ಟಿದ್ದು ರೇಡಿಯೋ ಕೇಳಿ ಎಂದು ಊರಿನ ಗಂಡಸರು ರೇಡಿಯೋಗಳನ್ನೆಲ್ಲ ಕಿತ್ತು ಗುಡ್ಡೆ ಹಾಕಿ ಸುಡುತ್ತಾರೆ. ಹಿರಿಯರ ಒತ್ತಾಯಕ್ಕೆ ಅವಳ ಗಂಡ ಊರ ನಡುವೆ ಅವಳಿಗೆ ಚಾವಟಿಯಿಂದ ಹೊಡೆಯುತ್ತಾನೆ, ಅಭಯ ಮುರಿಯುವ ಒಂದು ಮಾತು ಹೇಳು ಎಂದು. ಅವಳು ಬಾಯಿ ಬಿಡುವುದಿಲ್ಲ. ಭಾಷೆ ಕೊಡದ ಸಂಕಮ್ಮ ಇನ್ನೊಂದು ಖಂಡದಲ್ಲಿ ಹುಟ್ಟಿದ್ದರೆ ಇವಳ ಹಾಗೇ ಇರುತ್ತಿದ್ದಳು.

ದೊಡ್ಡವರು ಹೊಗಳಿದ ಎಲ್ಲವನ್ನೂ ನಾನು ನಿಮಗೆ ಹೇಳುತ್ತಿಲ್ಲ. ಬೆಲ್ಜಿಯಮ್ಮಿನ ಶಾಂತಾಲ್ ಅಕರ್ಮನ್ 1975ರಲ್ಲಿ ಮಾಡಿದ ಚಿತ್ರವೊಂದಿದೆ, 2022ರಲ್ಲಿ ಜಗತ್ತಿನ ವಿಮರ್ಶಕರು ಅದನ್ನೇ ಎಲ್ಲ ಕಾಲದ ಶ್ರೇಷ್ಠ ಚಿತ್ರ ಎಂದು ಆರಿಸಿದರು. ಮೂರು ಗಂಟೆಗೂ ಮೀರಿ ಒಬ್ಬ ಹೆಂಗಸು ಆಲೂಗಡ್ಡೆ ಸುಲಿಯುತ್ತಾಳೆ, ಪಾತ್ರೆ ತೊಳೆಯುತ್ತಾಳೆ, ಹಾಸಿಗೆ ಸರಿಮಾಡುತ್ತಾಳೆ. ಅದನ್ನು ನೋಡಬೇಕಾದವರು ನಿಮ್ಮ ಮನೆಯ ಗಂಡಸರು. ಅವರನ್ನು ಕೂರಿಸಿ ನೀವು ಮೂರು ಗಂಟೆ ಮಲಗಿಕೊಳ್ಳಿ.

ಹಳ್ಳಿಯವರಿಗೆ ಇವೆಲ್ಲ ಅರ್ಥವಾಗುತ್ತದೆಯೇ ಎಂಬ ಅನುಮಾನ ಹೊಸದಲ್ಲ. ಸಾಗರ ತಾಲ್ಲೂಕಿನ ಹೆಗ್ಗೋಡು ಎಂಬ ಹಳ್ಳಿಯಲ್ಲಿ ಕೆ.ವಿ. ಸುಬ್ಬಣ್ಣನವರು 1973ರಲ್ಲಿ ನೀನಾಸಮ್ ಚಿತ್ರಸಮಾಜ ಕಟ್ಟಿ, ಅಡಿಕೆ ತೋಟದ ಜನಕ್ಕೆ ಜಗತ್ತಿನ ಒಳ್ಳೆಯ ಚಿತ್ರಗಳನ್ನು ತೋರಿಸಿದರು. ಜನ ಬಂದರು, ನೋಡಿದರು, ಚರ್ಚೆ ಮಾಡಿದರು. 1991ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅವರು ಮಾಡಿದ ಮುಖ್ಯ ಕೆಲಸ, ಚಿತ್ರದ ಬಗ್ಗೆ ಕನ್ನಡದಲ್ಲಿ ಮೊದಲೇ ತಿಳಿಸಿ, ಆಮೇಲೆ ಕೂತು ಮಾತಾಡುವಂತೆ ಮಾಡಿದ್ದು. ನಾವೂ ಅದನ್ನೇ ಮಾಡೋಣ. ಈ ಚಿತ್ರಗಳ ಕೆಳಗೆ ಬರುವ ಬರಹ ಇಂಗ್ಲಿಷಿನದು. ಡಿಗ್ರಿ ಓದುವ ನಿಮ್ಮ ಮಗಳೋ ಸೊಸೆಯೋ ಒಮ್ಮೆ ನೋಡಿಕೊಂಡು, ಕಥೆಯನ್ನು ಮೊದಲೇ ಹೇಳಿ, ಮುಖ್ಯವಾದ ಕಡೆ ನಿಲ್ಲಿಸಿ ಅರ್ಥ ಹೇಳಲಿ. ಅವಳಿಗೂ ಒಂದು ಕೆಲಸವಾಯಿತು.

ಒಬ್ಬೊಬ್ಬರೇ ಫೋನಿನಲ್ಲಿ ನೋಡಬೇಡಿ. ವೈದೇಹಿಯವರ ಕಥೆಯಿಂದ ಕಾಸರವಳ್ಳಿಯವರು 2008ರಲ್ಲಿ ಮಾಡಿದ 'ಗುಲಾಬಿ ಟಾಕೀಸ್' ನೀವು ನೋಡಿರಬಹುದು. ಉಮಾಶ್ರೀಯವರಿಗೆ ರಾಷ್ಟ್ರಪ್ರಶಸ್ತಿ ಬಂದ ಚಿತ್ರ. ಗಂಡ ಬಿಟ್ಟುಹೋದ ಸೂಲಗಿತ್ತಿ ಗುಲಾಬಿಯ ಮನೆಗೆ ಟೀವಿ ಬಂದಾಗ ಓಣಿಯ ಹೆಂಗಸರೆಲ್ಲ ಅಲ್ಲಿ ಸೇರುತ್ತಾರೆ. ಟೀವಿಗಿಂತ ಅಲ್ಲಿ ಅವರು ಆಡುವ ಮಾತು ದೊಡ್ಡದು. ಜಾತಿ ಮತದ ಹೆಸರಿನಲ್ಲಿ ಆ ಕೂಟ ಒಡೆದಾಗ ಏನಾಗುತ್ತದೆ ಎಂಬುದೂ ಆ ಚಿತ್ರದಲ್ಲೇ ಇದೆ.

ಎರಡು ಎಚ್ಚರಿಕೆ. ಸ್ಪೇನಿನ ಚಿತ್ರವನ್ನೂ ಆಫ್ರಿಕದ ಚಿತ್ರವನ್ನೂ ಚಿಕ್ಕ ಮಕ್ಕಳನ್ನು ಮಲಗಿಸಿದ ಮೇಲೆ ನೋಡಿ. ಇನ್ನೊಂದು, ನೋಡುವಾಗ ಯಾರಾದರೂ ಎದ್ದು ಹೊರಗೆ ಹೋದರೆ, ಏನಾಯಿತೆಂದು ಎಲ್ಲರ ಮುಂದೆ ಕೇಳಬೇಡಿ. ಒಬ್ಬರು ಹಿಂದೆ ಹೋಗಿ ಪಕ್ಕದಲ್ಲಿ ಕೂತುಕೊಳ್ಳಿ. ಅವಳಾಗಿ ಮಾತಾಡಿದರೆ ಕೇಳಿ. "ಹೊಡೆದನಾ?" ಎಂದು ಮಾತ್ರ ಮೊದಲಿಗೇ ಕೇಳಬೇಡಿ.

ಪೆನ್‌ಡ್ರೈವಿನಲ್ಲಿ ಸಿಗುವುದನ್ನು ನಾನು ತರುತ್ತೇನೆ. ಇಲ್ಲಿ ಯಾರ ಮನೆಯ ಜಗುಲಿ ದೊಡ್ಡದು, ಯಾರ ಟೀವಿ ಚೆನ್ನಾಗಿದೆ ಎಂದು ನಿಮಗೇ ಗೊತ್ತು. ವಾರದ ಉಳಿತಾಯ ಕಟ್ಟುವ ದಿನ, ಲೆಕ್ಕ ಬರೆದು ಮುಗಿದ ಮೇಲೆ ಇಟ್ಟುಕೊಳ್ಳೋಣ. ಡೆಲಿಯಾಳದೇ ಮೊದಲು ಆಗಲಿ ಎಂದು ನನ್ನ ಆಸೆ. ಆ ಅಜ್ಜಿ ಮುಂದಿನ ಸಾಲಿನಲ್ಲಿ ಕೂರಬೇಕು.